ಮರದ ಮೇಲೆ ಕೆಟ್ಟ ಬಣ್ಣಕ್ಕೆ ಮತ್ತೊಂದು ಕೋಟ್ ಮದ್ದಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹಳೆಯ ಮೇಜು, ಕುರ್ಚಿ, ಮಂಚಗಳನ್ನು ಮನೆಯಲ್ಲೇ ಉಜ್ಜಿ, ಬಣ್ಣ ಕೊಟ್ಟು ಹೊಸದಾಗಿಸಿಕೊಳ್ಳುವ ಬಗೆಯನ್ನು ಕುರಿತು ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಬಂದ ಬರಹವನ್ನು ಓದಿದೆ. ಗಟ್ಟಿಮುಟ್ಟಾದ ತೇಗದ ಕುರ್ಚಿಯನ್ನು ಗುಜರಿಗೆ ಹಾಕಿ ಪ್ಲಾಸ್ಟಿಕ್ ಕುರ್ಚಿಯನ್ನು ಮನೆಗೆ ತರುವವರು ಹೆಚ್ಚುತ್ತಿರುವಾಗ ಇಂಥ ಬರಹಗಳು ಬೇಕೇ ಬೇಕು. ಆದರೆ ಅದರಲ್ಲಿ ಸ್ಟೇನ್, ಅಂದರೆ ಮರದೊಳಗೆ ಇಳಿಯುವ ಬಣ್ಣ, ಹಚ್ಚುವ ಭಾಗವನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, ಬಣ್ಣ ಸರಿಬಾರದಿದ್ದರೆ ಒಣಗಿದ ಮೇಲೆ ಇನ್ನೊಂದು ಕೋಟ್ ಕೊಡಬಹುದು ಎಂದು ಹೇಳಿರುವುದು ಮಾತ್ರ ನನಗೆ ಸರಿಕಾಣಲಿಲ್ಲ. ಮರದ ಪಾಲಿಶ್ ಕೆಲಸವನ್ನೇ ನಂಬಿ ಬದುಕುತ್ತಿರುವ ನನ್ನಂಥವರ ಬಳಿಗೆ ತಿದ್ದಿಕೊಡಿ ಎಂದು ಬರುವ ಸಾಮಾನುಗಳಲ್ಲಿ ಹೆಚ್ಚಿನವನ್ನು ಕೆಡಿಸಿರುವುದು ಮೊದಲ ಕೋಟಿನ ತಪ್ಪಿಗಿಂತ ಅದನ್ನು ಮುಚ್ಚಲು ಹೊಡೆದ ಎರಡನೆಯ, ಮೂರನೆಯ ಕೋಟು. ಮೊದಲ ಕೋಟಿನ ತಪ್ಪನ್ನು ಅದರ ಮೇಲೆ ಸೀಲರ್ (ಬಣ್ಣದ ಮೇಲೆ ಬಳಿದು ಮರದ ಮೈ ಮುಚ್ಚುವ ಪಾರದರ್ಶಕ ಲೇಪ) ಬೀಳುವ ಮೊದಲು ತಿದ್ದುವುದು ಬಹುಮಟ್ಟಿಗೆ ಮನೆಯವರ ಕೈಯಲ್ಲೇ ಆಗುವ ಕೆಲಸ. ಅದು ಹೇಗೆ ಎಂಬುದನ್ನು ತಮ್ಮ ಓದುಗರಿಗೆ ತಿಳಿಸುವ ಉದ್ದೇಶದಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ಕ್ಷಮಿಸಬೇಕು.

ಅಂಗಡಿಯಲ್ಲಿ ಸ್ಟೇನ್ ಎಂದು ಮಾರುವ ಡಬ್ಬಿಯಲ್ಲಿ ಮುಖ್ಯವಾಗಿ ಇರುವುದು ಬಣ್ಣ, ಮತ್ತು ಆ ಬಣ್ಣವನ್ನು ಮರದೊಳಕ್ಕೆ ಒಯ್ಯುವ ದ್ರವ. ಆ ದ್ರವವು ನೀರಾಗಿರಬಹುದು, ಸ್ಪಿರಿಟ್ ಆಗಿರಬಹುದು, ಟರ್ಪೆಂಟೈನ್ ಬೆರೆತ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯಾಗಿರಬಹುದು. ತಿದ್ದುವ ಕೆಲಸ ಶುರುವಾಗುವುದೇ ಇದನ್ನು ಗುರುತಿಸುವುದರಿಂದ, ಏಕೆಂದರೆ ಒಂದು ಬಗೆಯ ಸ್ಟೇನನ್ನು ಸಡಿಲಿಸುವ ದ್ರವಕ್ಕೆ ಇನ್ನೊಂದು ಬಗೆ ಜಗ್ಗುವುದಿಲ್ಲ. ಡಬ್ಬಿ ಕೈಯಲ್ಲಿಲ್ಲದಿದ್ದರೆ, ಕುರ್ಚಿಯ ಆಸನದ ಅಡಿಪಟ್ಟಿಯಂಥ ಕಣ್ಣಿಗೆ ಬೀಳದ ಜಾಗದಲ್ಲಿ ಬಿಳಿ ಬನಿಯನ್ ಬಟ್ಟೆಯ ಚೂರುಗಳನ್ನು ಒಂದನ್ನು ನೀರಿನಲ್ಲಿ, ಒಂದನ್ನು ಟರ್ಪೆಂಟೈನ್‌ನಲ್ಲಿ, ಇನ್ನೊಂದನ್ನು ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿ, ಬೇರೆಬೇರೆ ಕಡೆ ಒತ್ತಿ ಒರೆಸಿ ನೋಡಬೇಕು. ಯಾವ ಬಟ್ಟೆ ಹೆಚ್ಚು ಬಣ್ಣ ಹಿಡಿಯಿತೋ ನಿಮಗೆ ಬೇಕಾದ ದ್ರವ ಅದೇ. ಪೂರ್ತಿ ಒಣಗಿ ಗಟ್ಟಿಯಾದ ಎಣ್ಣೆ ಸ್ಟೇನ್ ಮಾತ್ರ ಇವುಗಳಲ್ಲಿ ಯಾವುದಕ್ಕೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಈಗ ಸಿಗುವ ನೀರಿನ ಸ್ಟೇನ್‌ಗಳಲ್ಲಿಯೂ ಬಣ್ಣವನ್ನು ಹಿಡಿದಿಡುವ ಅಂಟು ಬೆರೆತಿರುವುದುಂಟು, ಅವು ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಆದ್ದರಿಂದ ಕೆಟ್ಟಿದೆ ಎಂದು ಕಂಡ ಕೂಡಲೇ ಕೈಹಾಕಿದರೆ ಒಂದು ಬಟ್ಟೆಯಲ್ಲಿ ಮುಗಿಯುವ ಕೆಲಸ, ನಾಳೆ ನೋಡೋಣ ಎಂದು ಬಿಟ್ಟರೆ ಮರಳು ಕಾಗದ ಹಿಡಿದು ದಿನವಿಡೀ ಉಜ್ಜುವಷ್ಟಕ್ಕೆ ಬೆಳೆಯುತ್ತದೆ.

ಬಣ್ಣದಲ್ಲೂ ಎರಡು ಬಗೆಯಿದೆ. ಕೆಮ್ಮಣ್ಣಿನ ಹಾಗೆ ದ್ರವದಲ್ಲಿ ಕರಗದೆ ತೇಲುತ್ತ, ಬಿಟ್ಟರೆ ಡಬ್ಬಿಯ ತಳಕ್ಕೆ ಕೂರುವ ಪುಡಿಬಣ್ಣ ಒಂದು. ದ್ರವದಲ್ಲಿ ಪೂರ್ತಿ ಕರಗುವ ಬಣ್ಣ ಇನ್ನೊಂದು. ಪುಡಿಬಣ್ಣವು ಮರದ ರಂಧ್ರಗಳಲ್ಲಿ, ಗೀರುಗಳಲ್ಲಿ ಹೋಗಿ ಕೂರುತ್ತದೆ; ಕರಗುವ ಬಣ್ಣವು ಮರದ ನಾರಿಗೇ ಇಳಿಯುತ್ತದೆ. ಪುಡಿಬಣ್ಣ ಹಚ್ಚಿದ ತೇಗವನ್ನು ಉಜ್ಜಿದಾಗ ಬಯಲಾದ ಜಾಗವೆಲ್ಲ ಬಿಳಿಚಿ, ರಂಧ್ರಗಳು ಮಾತ್ರ ಕಪ್ಪು ಚುಕ್ಕೆ, ಗೆರೆಗಳಾಗಿ ಉಳಿಯುವುದು ಇದರಿಂದಲೇ. ಆ ಚುಕ್ಕೆಗಳನ್ನು ಪೂರ್ತಿ ತೆಗೆಯುತ್ತೇನೆಂದು ಹಟ ಹಿಡಿದರೆ ಹಲಗೆ ಸವೆಯುತ್ತದೆಯೇ ಹೊರತು ಚುಕ್ಕೆ ಹೋಗುವುದಿಲ್ಲ. ಹಿಂದಿನದಕ್ಕಿಂತ ತುಸು ಗಾಢವಾದ ಬಣ್ಣವನ್ನು ಆರಿಸಿಕೊಂಡು ಅವುಗಳನ್ನು ಅದರಲ್ಲಿ ಸೇರಿಸಿಕೊಳ್ಳುವುದು ಲೇಸು.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು, ಅದರಲ್ಲೂ ಮಲೆನಾಡಿನ ಮಳೆಗಾಲದಲ್ಲಿ, ಎಣ್ಣೆ ಸ್ಟೇನ್ ಒಣಗದೆ ಅಂಟಂಟಾಗಿ ಉಳಿಯುವುದು. ಸ್ಟೇನನ್ನು ಬಣ್ಣ ಬಳಿದಂತೆ ದಪ್ಪಗೆ ಬಳಿದು ಹಾಗೆಯೇ ಬಿಡುವುದು ಇದರ ಮುಖ್ಯ ಕಾರಣ. ಎಣ್ಣೆ ಸ್ಟೇನನ್ನು ಹಚ್ಚಿ, ಐದು ಹತ್ತು ನಿಮಿಷ ಮರ ಕುಡಿಯುವಷ್ಟು ಕುಡಿಯಲು ಬಿಟ್ಟು, ಮಿಕ್ಕಿದ್ದೆಲ್ಲವನ್ನೂ ಒಣಬಟ್ಟೆಯಿಂದ ಮರದ ಎಳೆಯುದ್ದಕ್ಕೆ ಒರೆಸಿ ತೆಗೆಯಬೇಕು. ಮೇಲ್ಮೈಯಲ್ಲಿ ಉಳಿದ ಪದರ ವಾರ ಕಳೆದರೂ ಬೆರಳಿಗೆ ಹತ್ತುತ್ತಲೇ ಇರುತ್ತದೆ. ಮರದ ಗುಣವೂ ಇದಕ್ಕೆ ಕೈಜೋಡಿಸುವುದುಂಟು. ತೇಗದಲ್ಲಿ ತನ್ನದೇ ಎಣ್ಣೆಯಂಶವಿದೆ, ಬೀಟೆಯಲ್ಲಿರುವ ಅಂಶಗಳು ಎಣ್ಣೆ ಒಣಗುವುದನ್ನು ತಡೆಯುತ್ತವೆ. ಹೀಗಾಗಿ ಈ ಎರಡು ಮರಗಳನ್ನು ಸ್ಟೇನ್ ಹಚ್ಚುವ ಮುನ್ನ ಥಿನ್ನರ್ (ಪಾಲಿಶ್ ತೆಳುಮಾಡುವ ದ್ರವ) ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಕೆಲಸ ಶುರುಮಾಡುವುದು ವಾಡಿಕೆ. ಅಂಟಾಗಿರುವುದನ್ನು ತಿದ್ದುವ ಬಗೆ ಕೇಳಿದವರಿಗೆ ವಿಚಿತ್ರವೆನಿಸಬಹುದು: ಅದೇ ಡಬ್ಬಿಯ ಸ್ಟೇನನ್ನು ಮತ್ತೊಮ್ಮೆ ಧಾರಾಳವಾಗಿ ಹಚ್ಚಿ, ಕೆಲವು ನಿಮಿಷ ಬಿಟ್ಟು, ಗಟ್ಟಿಯಾಗಿ ಒರೆಸಿಬಿಡಬೇಕು. ಹೊಸ ಸ್ಟೇನ್‌ನಲ್ಲಿರುವ ಟರ್ಪೆಂಟೈನ್ ಹಳೆಯ ಅಂಟು ಪದರವನ್ನು ಸಡಿಲಿಸುವುದರಿಂದ ಎರಡೂ ಒಟ್ಟಿಗೆ ಬಟ್ಟೆಗೆ ಬರುತ್ತವೆ. ಬರೀ ಟರ್ಪೆಂಟೈನ್‌ನಲ್ಲಿ ಒರೆಸಿದರೂ ಆದೀತು, ಆದರೆ ಆಗ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬಣ್ಣ ಹೋಗಿ ಮಚ್ಚೆಯಾಗುವ ಸಂಭವವಿದೆ. ಇಲ್ಲಿ ಇನ್ನೊಂದು ಕೋಟನ್ನು ಹಚ್ಚುತ್ತಿರುವುದು ಒರೆಸಿ ತೆಗೆಯುವುದಕ್ಕಾಗಿ ಎಂಬುದನ್ನು ಗಮನಿಸಬೇಕು; ಪುರವಣಿಯ ಬರಹ ಹೇಳಿದ್ದು ಬಳಿದು ಬಿಡುವ ಕೋಟನ್ನು. ಒರೆಸಿದ ಮೇಲೆ ಗಾಳಿಯಾಡುವ ಕಡೆ ಇಟ್ಟು, ಕೈಗೆ ಹತ್ತದಂತಾದ ಮೇಲೆಯೇ ಸೀಲರ್ ಹಾಕಬೇಕು. ಅಂಟಿನ ಮೇಲೆಯೇ ಸೀಲರ್ ಹೊಡೆದರೆ ಅದು ಸುಕ್ಕುಗಟ್ಟುತ್ತದೆ, ಇಲ್ಲವೇ ಆಮೇಲೆ ಪೊರೆಪೊರೆಯಾಗಿ ಏಳುತ್ತದೆ.

ಈ ಒರೆಸಿದ ಬಟ್ಟೆಗಳ ಬಗ್ಗೆ ಪುರವಣಿಯ ಬರಹದಲ್ಲಿ ಒಂದು ಮಾತೂ ಇರಲಿಲ್ಲ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಎಣ್ಣೆಯು ಗಾಳಿಯೊಡನೆ ಕೂಡುವಾಗ ಹುಟ್ಟುವ ಬಿಸಿ ಹೊರಹೋಗಲು ದಾರಿಯಿಲ್ಲದೆ ಬಟ್ಟೆಗೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಕಡ್ಡಿ ಗೀರಬೇಕೆಂದೇನೂ ಇಲ್ಲ. ಅಂಥ ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಬೇಕು.

ಬಣ್ಣ ಬೇಕಾದುದಕ್ಕಿಂತ ಗಾಢವಾಯಿತು ಎಂಬುದು ಎರಡನೆಯ ದೂರು. ಹಚ್ಚಿದ ಅರ್ಧ ಗಂಟೆಯೊಳಗೆ ಕಂಡರೆ, ಎಣ್ಣೆ ಸ್ಟೇನನ್ನು ಟರ್ಪೆಂಟೈನ್‌ನಲ್ಲಿಯೂ ಸ್ಪಿರಿಟ್ ಸ್ಟೇನನ್ನು ಸ್ಪಿರಿಟ್‌ನಲ್ಲಿಯೂ ತೊಯ್ದ ಬಟ್ಟೆಯಿಂದ ಒರೆಸಿ ಸಾಕಷ್ಟು ಇಳಿಸಬಹುದು. ಒಂದು ಜಾಗವನ್ನು ಮಾತ್ರ ಒರೆಸದೆ, ಒಂದು ಕೀಲಿನಿಂದ ಇನ್ನೊಂದು ಕೀಲಿನವರೆಗೆ ಇಡೀ ಪಟ್ಟಿಯನ್ನು ಒಂದೇ ಉಸಿರಿಗೆ ಒರೆಸಿದರೆ ಬಣ್ಣ ಸಮನಾಗಿ ಇಳಿಯುತ್ತದೆ. ಒಣಗಿದ ಮೇಲಾದರೆ ಹಸಿರು ಸ್ಕ್ರಬ್ ಪ್ಯಾಡನ್ನು ಅದೇ ದ್ರವದಲ್ಲಿ ನೆನೆಸಿ ಎಳೆಯುದ್ದಕ್ಕೆ ತಿಕ್ಕಬೇಕು; ಅದಕ್ಕೂ ಬಗ್ಗದಿದ್ದರೆ 150ನೆಯ ನಂಬರಿನ ಮರಳು ಕಾಗದಕ್ಕೆ ಹೋಗಿ, 180ರಲ್ಲಿ ಮುಗಿಸಬೇಕು. ಅದಕ್ಕಿಂತ ನಯವಾಗಿ, 320, 400 ಎಂದು ಉಜ್ಜುತ್ತ ಹೋದರೆ ಮರದ ಮೈ ಮುಚ್ಚಿಕೊಂಡು ಹೊಸ ಸ್ಟೇನನ್ನು ಹೀರುವುದಿಲ್ಲ, ಉಜ್ಜಿದ ಜಾಗ ಬಿಳಿಚಾಗಿ ಎದ್ದು ಕಾಣುತ್ತದೆ. ಬಣ್ಣ ತೆಳುವಾದರೆ ಅಷ್ಟು ಗಾಬರಿ ಬೇಡ, ಸೀಲರ್ ಬೀಳುವಾಗ ಅದು ತಾನೇ ಗಾಢವಾಗುತ್ತದೆ. ಒಣಗಿದ ಸ್ಟೇನ್ ಪೇಲವವಾಗಿ ಕಾಣುವುದನ್ನು ನೋಡಿ ಎರಡನೆಯ ಕೋಟ್ ಹೊಡೆಯುವವರೇ ಆಮೇಲೆ ಕಪ್ಪಾಯಿತೆಂದು ಗೋಳಾಡುವವರು. ಸೀಲರ್ ಬಿದ್ದ ಮೇಲೆ ಹೇಗೆ ಕಾಣುತ್ತದೆಂದು ತಿಳಿಯಬೇಕಿದ್ದರೆ, ಎಣ್ಣೆ ಸ್ಟೇನ್ ಚೆನ್ನಾಗಿ ಒಣಗಿದ ಮೇಲೆ ಟರ್ಪೆಂಟೈನ್ ಒದ್ದೆ ಮಾಡಿದ ಬಟ್ಟೆಯನ್ನು ಒಮ್ಮೆ ಹಗುರವಾಗಿ ಆಡಿಸಿ ನೋಡಿದರೆ ಸಾಕು, ಆ ಒದ್ದೆಯ ಬಣ್ಣವೇ ಹೆಚ್ಚುಕಡಿಮೆ ಕೊನೆಯ ಬಣ್ಣ.

ಹೊಸ ಸಾಮಾನುಗಳಲ್ಲಿ ಕಾಣುವ ಒಂದು ದೋಷವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುರ್ಚಿಯ ಕಾಲಿಗೆ ಅಡ್ಡಪಟ್ಟಿ ಕೂಡುವ ಕಡೆ, ಸ್ಟೇನ್ ಹಚ್ಚಿದ ಕೂಡಲೇ, ಹೆಬ್ಬೆರಳಿನ ಗಾತ್ರದ ಒಂದು ಬಿಳಿ ಮಚ್ಚೆ ಮೂಡುತ್ತದೆ; ಗಮನಿಸಿ ನೋಡಿದರೆ ಕೆಲವೊಮ್ಮೆ ಅದರಲ್ಲಿ ಬೆರಳಿನ ಗೆರೆಗಳೂ ಕಾಣುತ್ತವೆ. ಕೀಲು ಬಿಗಿಯುವಾಗ ಹೊರಗೆ ಉಕ್ಕಿದ ಬಿಳಿ ಅಂಟನ್ನು ಬಡಗಿ ಬೆರಳಿನಿಂದ ಒರೆಸಿದ್ದು, ಅದು ಮರದೊಳಗೆ ಇಳಿದು ಗಾಜಿನಂತೆ ತೆಳ್ಳಗೆ ಒಣಗಿರುವುದು, ಬರೀ ಮರದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಟೇನ್ ಅಲ್ಲಿ ಇಳಿಯದಿದ್ದಾಗಲೇ ಅದು ಬಯಲಾಗುತ್ತದೆ. ಅದರ ಮೇಲೆ ಎಷ್ಟು ಸಲ ಬಣ್ಣ ಹಚ್ಚಿದರೂ ಸುತ್ತಲಿನ ಜಾಗ ಕಪ್ಪಾಗುತ್ತದೆಯೇ ಹೊರತು ಮಚ್ಚೆ ಮಚ್ಚೆಯಾಗಿಯೇ ಉಳಿಯುತ್ತದೆ. ಹರಿತವಾದ ಉಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದು ಎಳೆಯುದ್ದಕ್ಕೆ ಹಗುರವಾಗಿ ಹೆರೆಯಬೇಕು. ಹಳೆಯ ಕಾಲದ ಬಡಗಿಗಳು ಒಡೆದ ಗಾಜಿನ ಅಂಚನ್ನು ಇದಕ್ಕೆ ಬಳಸುತ್ತಿದ್ದರು, ಕೈ ಪಳಗಿದವರಿಗೆ ಈಗಲೂ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಅಂಟು ಮೇಣದಂಥ ಸುರುಳಿಯಾಗಿ ಏಳುವುದು ನಿಂತು ಮರದ ಪುಡಿ ಬರತೊಡಗಿದರೆ ಅಂಟು ಮುಗಿಯಿತೆಂದು ಅರ್ಥ. ಆಮೇಲೆ ಆ ಪಟ್ಟಿಯನ್ನು ಇಡಿಯಾಗಿ 180ರ ಕಾಗದದಲ್ಲಿ ಉಜ್ಜಿ, ಇಡಿಯಾಗಿಯೇ ಮತ್ತೆ ಸ್ಟೇನ್ ಹಚ್ಚಬೇಕು. ಮೊದಲೇ ಪತ್ತೆ ಹಚ್ಚಬೇಕೆಂದರೆ, ಸ್ಟೇನ್ ಡಬ್ಬಿ ತೆರೆಯುವ ಮುನ್ನ ಎಲ್ಲ ಕೀಲುಗಳನ್ನೂ ಟರ್ಪೆಂಟೈನ್ ಬಟ್ಟೆಯಿಂದ ಒದ್ದೆ ಮಾಡಿ ನೋಡಬೇಕು. ಅಂಟಿರುವ ಜಾಗ ಒದ್ದೆಯಾಗದೆ ಬೆಳ್ಳಗೆ ಉಳಿಯುತ್ತದೆ. ಯಂತ್ರದಿಂದ ಉಜ್ಜಿದ ಸುರುಳಿ ಗೀರುಗಳೂ, ಎಳೆಗೆ ಅಡ್ಡವಾಗಿ ಉಜ್ಜಿದ ಗೀರುಗಳೂ ಇದೇ ಪರೀಕ್ಷೆಯಲ್ಲಿ, ಮೊಬೈಲಿನ ಟಾರ್ಚನ್ನು ಹಲಗೆಗೆ ಒರಗಿಸಿದಂತೆ ಓರೆಯಾಗಿ ಹಿಡಿದರೆ, ಒಂದೂ ಬಿಡದೆ ಕಾಣುತ್ತವೆ.

ಬಿಟ್ಟುಬಿಟ್ಟು ಹಚ್ಚಿದ್ದರಿಂದ ಮೂಡುವ ಪಟ್ಟೆಗಳು ಅಷ್ಟು ಕಷ್ಟದವಲ್ಲ. ಇಡೀ ಹಲಗೆಯನ್ನು ಅದೇ ಸ್ಟೇನಿನಿಂದ ಮತ್ತೆ ಒದ್ದೆ ಮಾಡಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒರೆಸಿದರೆ ಪಟ್ಟೆ ಕರಗಿ ಹೋಗುತ್ತದೆ. ಹಲಗೆಯ ಅಡ್ಡಕೊಯ್ದ ತುದಿ ಹೆಚ್ಚು ಹೀರಿ ಕಪ್ಪಾಗುವುದನ್ನು ತಡೆಯಲು ಆ ತುದಿಯನ್ನು ಮಾತ್ರ ಇನ್ನಷ್ಟು ನಯವಾಗಿ ಉಜ್ಜಬೇಕು. ಪೈನ್ ಮರದ್ದು ಮಾತ್ರ ಬೇರೆಯೇ ಕಥೆ. ಯಂತ್ರಗಳನ್ನು ತುಂಬಿ ಬರುವ ಪೈನ್ ಪೆಟ್ಟಿಗೆಗಳನ್ನು ಒಡೆದು ಕಪಾಟು, ಮೇಜು ಮಾಡಿಕೊಳ್ಳುವವರು ಈಚೆಗೆ ಊರೂರಿನಲ್ಲಿ ಇದ್ದಾರೆ; ಆ ಮರದ ಮೆದು ಗೆರೆಗಳು ಗಟ್ಟಿ ಗೆರೆಗಳಿಗಿಂತ ಬಹಳ ಹೆಚ್ಚು ಹೀರುವುದರಿಂದ, ಮೊದಲು ಬೆಳ್ಳಗಿದ್ದ ಗೆರೆ ಕಪ್ಪಾಗಿ, ಗಾಢವಾಗಿದ್ದ ಗೆರೆ ಬೆಳ್ಳಗಾಗಿ, ನಡುನಡುವೆ ಮೋಡದಂಥ ಕಲೆಗಳು ಮೂಡುತ್ತವೆ. ಒಮ್ಮೆ ಹೀಗಾದ ಪೈನ್ ಹಲಗೆಯನ್ನು ಉಜ್ಜಿ ಮೊದಲಿನಂತೆ ಮಾಡುವುದು ಸುಲಭದ ಮಾತಲ್ಲ, ಬಣ್ಣ ಆಳಕ್ಕೆ ಇಳಿದಿರುತ್ತದೆ. ಸೀಲರ್ ಒಂದು ಕೋಟ್ ಹಾಕಿ, ಅದರ ಮೇಲೆ ತುಸು ಬಣ್ಣ ಬೆರೆಸಿದ ಸೀಲರನ್ನು ತೆಳುವಾಗಿ ಸ್ಪ್ರೇ ಮಾಡುತ್ತ ಕಲೆಗೂ ಬಯಲಿಗೂ ಇರುವ ಅಂತರವನ್ನು ಕಡಿಮೆ ಮಾಡುವುದೊಂದೇ ದಾರಿ. ಹೊಸದಾಗಿ ಮಾಡುವವರು ಅರಗನ್ನು ಸ್ಪಿರಿಟ್‌ನಲ್ಲಿ ಬಹಳ ತೆಳುವಾಗಿ ಕರಗಿಸಿ ಮೊದಲೊಂದು ಕೋಟ್ ಒರೆಸಿ, ಒಣಗಿದ ಮೇಲೆ ಹಗುರವಾಗಿ ಉಜ್ಜಿ, ಎಣ್ಣೆ ಸ್ಟೇನ್ ಹಚ್ಚಿದರೆ ಈ ಪೀಡೆ ಬಹಳ ಮಟ್ಟಿಗೆ ತಪ್ಪುತ್ತದೆ.

ಇಷ್ಟೆಲ್ಲ ಉಜ್ಜುವ ಮಾತಾಡಿದ ಮೇಲೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಈಗಿನ ಮನೆಗಳಲ್ಲಿ ತೇಗದ ಬಾಗಿಲು, ತೇಗದ ವಾರ್ಡ್‌ರೋಬ್ ಎಂದು ಕರೆಯುವುದರಲ್ಲಿ ಹೆಚ್ಚಿನವು ಪ್ಲೈವುಡ್ ಮೇಲೆ ತೇಗದ ತೆಳು ಹಾಳೆಯನ್ನು ಅಂಟಿಸಿದವು. ಆ ಹಾಳೆಯ ದಪ್ಪ ಅರ್ಧ ಮಿಲಿಮೀಟರ್ ಇರಬಹುದು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಕಡುಬಣ್ಣವನ್ನು ತೆಗೆಯುತ್ತೇನೆಂದು ಯಂತ್ರ ಹಿಡಿದರೆ ಕ್ಷಣಮಾತ್ರದಲ್ಲಿ ಹಾಳೆ ಸವೆದು ಒಳಗಿನ ಪ್ಲೈ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಪರಿಹಾರವೇ ಇಲ್ಲ. ಸಣ್ಣ ಕುಂಚ ಹಿಡಿದು ಮರದ ಗೆರೆಗಳನ್ನು ಬರೆದು ಮರೆಮಾಚಬಹುದು ಅಷ್ಟೆ. ಅಂಚನ್ನು ನೋಡಿದರೆ ಗಟ್ಟಿ ಮರವೋ ಹಾಳೆಯೋ ತಿಳಿದೀತು: ಹಲಗೆಯ ಮುಖದ ಗೆರೆಗಳು ಅಂಚಿನಲ್ಲಿ ತಿರುಗಿ ಮುಂದುವರಿದಿದ್ದರೆ ಗಟ್ಟಿ ಮರ, ಅಂಚಿಗೆ ಬೇರೆ ರೀಪು ಹೊಡೆದಿದ್ದರೆ ಅನುಮಾನಿಸಬೇಕು. ಹಾಳೆಯಾಗಿದ್ದರೆ ದ್ರವದಿಂದ ಒರೆಸಿ ಇಳಿದಷ್ಟಕ್ಕೇ ತೃಪ್ತರಾಗುವುದು ಒಳ್ಳೆಯದು.

ಬಣ್ಣ ಹೆಚ್ಚಾದದ್ದಕ್ಕಿಂತ ಭಿನ್ನವಾದ ಇನ್ನೊಂದು ಕಲೆಯಿದೆ. ನೀರಿನ ಸ್ಟೇನ್ ಹಚ್ಚಿದ ಮರುದಿನ ತೇಗದಂಥ ಮರದ ಮೇಲೆ ಶಾಯಿ ಚೆಲ್ಲಿದಂಥ ಕಪ್ಪುನೀಲಿ ಚುಕ್ಕೆಗಳು ಏಳುತ್ತವೆ. ಹಿಂದೆ ಸ್ಟೀಲ್ ಉಲ್ಲನ್‌ನಿಂದ ಉಜ್ಜಿದಾಗ ಉಳಿದ ಕಬ್ಬಿಣದ ಸಣ್ಣ ಎಳೆಗಳು ನೀರಿನೊಡನೆ ಸೇರಿ, ಮರದಲ್ಲಿರುವ ಒಗರಿನ ಅಂಶದೊಡನೆ ಕೂಡಿ ಕಪ್ಪಾಗುವುದರ ಫಲ ಇದು. ಹೂಕುಂಡದ ಕಬ್ಬಿಣದ ತಟ್ಟೆ ಇಟ್ಟಲ್ಲಿ, ತುಕ್ಕು ಹಿಡಿದ ಮೊಳೆಯ ಸುತ್ತ ಮೂಡುವ ಕಪ್ಪೂ ಇದೇ. ಮೊಸಾಯಿಕ್ ನೆಲದ ಪಾಲಿಶ್‌ಗೆ ಬಳಸುವ ಆಕ್ಸಾಲಿಕ್ ಆಸಿಡ್ ಎಂಬ ಬಿಳಿ ಹರಳನ್ನು ಬಿಸಿನೀರಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆಯಲ್ಲಿಟ್ಟುಕೊಂಡು, ಇಡೀ ಹಲಗೆಗೆ ಹಚ್ಚಿದರೆ ಈ ಕಪ್ಪು ಕಣ್ಣೆದುರೇ ಮಾಯವಾಗತೊಡಗುತ್ತದೆ. ಆದರೆ ಅದು ವಿಷ. ಕೈಗವಸು ಹಾಕಿಕೊಳ್ಳಬೇಕು, ಮಕ್ಕಳಿಂದ ದೂರವಿಡಬೇಕು, ಕೆಲಸ ಮುಗಿದ ಮೇಲೆ ಹಲಗೆಯನ್ನು ಹಲವು ಸಲ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ತೊಳೆಯದೆ ಉಜ್ಜಿದರೆ ಅದರ ಪುಡಿ ಮೂಗು, ಗಂಟಲುಗಳನ್ನು ಸುಡುತ್ತದೆ. ಕರಗುವ ಬಣ್ಣದ ಸ್ಟೇನನ್ನು ಪೂರ್ತಿ ತೆಗೆಯಬೇಕಾದಾಗ ಬಟ್ಟೆಗೆ ಬಳಸುವ ಕ್ಲೋರಿನ್ ಬ್ಲೀಚ್ ಅನೇಕ ಸಲ ಕೆಲಸ ಮಾಡುತ್ತದೆ, ಪುಡಿಬಣ್ಣಕ್ಕೆ ಅದರಿಂದ ಪ್ರಯೋಜನವಿಲ್ಲ. ಬ್ಲೀಚನ್ನೂ ಆಸಿಡನ್ನೂ ಯಾವ ಕಾರಣಕ್ಕೂ ಒಂದೇ ಹಲಗೆಯ ಮೇಲೆ ಒಟ್ಟಿಗೆ ಬರಲು ಬಿಡಬಾರದು: ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಕುತ್ತು.

ಬಣ್ಣದ ಗಾಢತೆ ಸರಿಯಿದ್ದು ಛಾಯೆ ಮಾತ್ರ ಹಾದಿ ತಪ್ಪಿದ್ದರೆ ತೆಗೆಯುವ ಗೋಜಿಗೆ ಹೋಗಬೇಕಿಲ್ಲ. ಕೆಂಪು ಹೆಚ್ಚಾಗಿದ್ದರೆ ಹನಿ ಹಸಿರು, ಕಿತ್ತಳೆ ಹೆಚ್ಚಾಗಿದ್ದರೆ ಹನಿ ನೀಲಿ ಬೆರೆಸಿದ ತೆಳು ಸ್ಟೇನನ್ನು ಮೇಲಿನಿಂದ ಒರೆಸಿದರೆ ಕಂದು ತಣ್ಣಗಾಗುತ್ತದೆ. ಹನಿ ಎಂದರೆ ಹನಿಯೇ; ಕೈ ಮೀರಿದರೆ ಮರ ಸತ್ತ ಬಣ್ಣಕ್ಕೆ ತಿರುಗುತ್ತದೆ. ಹಲಸಿನ ವಿಷಯದಲ್ಲಿ ಇದಕ್ಕೂ ಮೊದಲು ಯೋಚಿಸಬೇಕಾದದ್ದೊಂದಿದೆ. ಹೊಸದಾಗಿ ಕೊಯ್ದ ಹಲಸಿನ ಹಲಗೆ ಅರಿಶಿನದ ಬಣ್ಣದ್ದು, ಬೆಳಕು ಗಾಳಿ ತಾಗುತ್ತ ಹೋದಂತೆ ಅದು ತಾನಾಗಿಯೇ ಕೆಂಗಂದಾಗುತ್ತದೆ. ಅಜ್ಜನ ಕಾಲದ ಹಲಸಿನ ಪೆಟ್ಟಿಗೆಗೆ ಹೊಸ ಮುಚ್ಚಳ ಮಾಡಿಸಿ, ಎರಡೂ ಈ ಹೊತ್ತೇ ಒಂದೇ ಬಣ್ಣ ಕಾಣಬೇಕೆಂದು ಸ್ಟೇನ್ ಹೊಡೆಸಿದರೆ, ಕೆಲವು ವರ್ಷಗಳಲ್ಲಿ ಮುಚ್ಚಳವೇ ಪೆಟ್ಟಿಗೆಗಿಂತ ಗಾಢವಾಗಿ ಕೂತಿರುತ್ತದೆ. ಅಂಥ ಕಡೆ ಹೊಸ ಹಲಗೆಯನ್ನು ಕೆಲವು ದಿನ ಬಿಸಿಲಿಗೆ ಒಡ್ಡಿ, ಆಮೇಲೂ ತುಸು ತೆಳುವಾಗಿಯೇ ಬಣ್ಣ ಕೊಟ್ಟು ಬಿಡುವುದು ಜಾಣತನ.

ಸೀಲರ್ ಬಿದ್ದ ಮೇಲೆ ಕಾಣುವ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸೀಲರನ್ನು ಉಜ್ಜುವಾಗ ಮೇಜಿನ ಅಂಚುಗಳಲ್ಲಿ ಬಣ್ಣ ಹರಿದು ಬಿಳಿ ಗೆರೆ ಏಳುವುದು ತೀರ ಸಾಮಾನ್ಯ. ಅರಗಿನ ತೆಳು ಪಾಲಿಶ್‌ನಲ್ಲಿ ಸ್ಪಿರಿಟ್ ಬಣ್ಣವನ್ನು ಕದಡಿ ಸಣ್ಣ ಕುಂಚದಿಂದ ಆ ಗೆರೆಗಷ್ಟೇ ತಾಗಿಸಿ, ಅದರ ಮೇಲೆ ಸೀಲರ್ ಹಾಕಿದರೆ ಮುಚ್ಚಿಹೋಗುತ್ತದೆ. ಸ್ಪಿರಿಟ್ ಸ್ಟೇನ್ ಮೇಲೆ ಸ್ಪಿರಿಟ್ ಪಾಲಿಶನ್ನು ಬ್ರಷ್‌ನಿಂದ ಎಳೆದರೆ ಕೆಳಗಿನ ಬಣ್ಣ ಮತ್ತೆ ಕರಗಿ ಎದ್ದು ಗೀರುಗೀರಾಗುತ್ತದೆ; ಅಲ್ಲಿ ಮೊದಲ ಕೋಟನ್ನು ತೆಳುವಾಗಿ ಸ್ಪ್ರೇ ಮಾಡಬೇಕು. ಮಳೆಗಾಲದಲ್ಲಿ ಪಾಲಿಶ್ ಒಣಗುವಾಗ ಹಾಲು ಚೆಲ್ಲಿದಂತೆ ಬೆಳ್ಳಗಾಗುವುದನ್ನು ಎಷ್ಟೋ ಜನ ಸ್ಟೇನ್ ಕೆಟ್ಟಿತೆಂದು ತಿಳಿದು ಎಲ್ಲವನ್ನೂ ಕೆರೆದು ಹಾಕುತ್ತಾರೆ. ಸ್ಪಿರಿಟ್ ಅಥವಾ ಥಿನ್ನರ್ ಬೇಗ ಆರುವಾಗ ಹಲಗೆಯ ಮೈ ತಣ್ಣಗಾಗಿ, ಗಾಳಿಯ ತೇವ ಪಾಲಿಶ್‌ನೊಳಗೆ ಸಿಕ್ಕಿಕೊಂಡದ್ದು ಮಾತ್ರ ಅದು, ಬಣ್ಣಕ್ಕೇನೂ ಆಗಿರುವುದಿಲ್ಲ. ಬಿಸಿಲು ಬಿದ್ದ ದಿನ ಅರಗಿನ ಪಾಲಿಶ್ ಆಗಿದ್ದರೆ ಸ್ಪಿರಿಟ್ ಪಸೆ ಮಾತ್ರ ಇರುವ ಬಟ್ಟೆಯನ್ನು ಹಗುರವಾಗಿ ಆಡಿಸಿದರೆ, ಎನ್‌ಸಿ ಲ್ಯಾಕರ್ (ನೈಟ್ರೋಸೆಲ್ಯುಲೋಸ್ ಪಾಲಿಶ್) ಆಗಿದ್ದರೆ ನಿಧಾನವಾಗಿ ಆರುವ ಥಿನ್ನರನ್ನು ತೆಳುವಾಗಿ ಸ್ಪ್ರೇ ಮಾಡಿದರೆ, ಬಿಳುಪು ಹೋಗುತ್ತದೆ. ಮೆಲಮೈನ್, ಪಿಯು (ಪಾಲಿಯುರೆಥೇನ್) ಪಾಲಿಶ್‌ಗಳು ಮಾತ್ರ ಒಮ್ಮೆ ಗಟ್ಟಿಯಾದ ಮೇಲೆ ತಮ್ಮ ಥಿನ್ನರ್‌ಗೂ ಕರಗುವುದಿಲ್ಲ. ಅವುಗಳ ಕೆಳಗೆ ಉಳಿದ ಸ್ಟೇನಿನ ತಪ್ಪನ್ನು ತೆಗೆಯಬೇಕೆಂದರೆ ಇಡೀ ಪಾಲಿಶನ್ನೇ ಕಿತ್ತುಹಾಕಬೇಕು, ಅದಕ್ಕೆ ಬೀಳುವ ಕೂಲಿ ಮೊದಲ ಪಾಲಿಶ್‌ನ ಕೂಲಿಗಿಂತ ಹೆಚ್ಚು. ಸೀಲರ್ ಹಾಕುವ ಮೊದಲು ಹಗಲು ಬೆಳಕಿನಲ್ಲಿ ಸಾಮಾನನ್ನು ಸುತ್ತ ತಿರುಗಿಸಿ ನೋಡಿ ಎಂದು ನಾನು ಗಿರಾಕಿಗಳನ್ನು ಕಾಡುವುದು ಇದಕ್ಕಾಗಿಯೇ.

ನಮ್ಮ ವೃತ್ತಿಯವರ ತಪ್ಪನ್ನೂ ಇಲ್ಲಿ ಹೇಳದೆ ಇರಲಾಗದು. ಮಚ್ಚೆ ಎದ್ದ ಕೂಡಲೇ ವಾಲ್‌ನಟ್ ಬಣ್ಣ ಹೊಡೆದುಬಿಡೋಣ ಸಾರ್, ಏನೂ ಕಾಣಲ್ಲ ಎನ್ನುವುದು ಪಾಲಿಶ್ ಕೆಲಸದಲ್ಲಿ ರೂಢಿಯಾಗಿಬಿಟ್ಟಿದೆ. ಚದರ ಅಡಿಗೆ ಇಷ್ಟು ಎಂದು ಕೂಲಿ ಗೊತ್ತುಮಾಡಿಕೊಂಡವನಿಗೆ ಒರೆಸಿ, ಹೆರೆದು, ಕಾದು ತಿದ್ದುವ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ ಎಂಬುದು ನಿಜ. ಆದರೂ ಹೊನ್ನೆಯಂಥ, ಮತ್ತಿಯಂಥ ಮರದ ಗೆರೆಯನ್ನು ಕಡುಕಂದಿನ ಸ್ಪ್ರೇ ಅಡಿಯಲ್ಲಿ ಹೂತುಹಾಕುವುದನ್ನು ರಿಪೇರಿ ಎಂದು ನಾನು ಒಪ್ಪಲಾರೆ. ಗಿರಾಕಿಗಳ ಪಾಲೂ ಇದರಲ್ಲಿದೆ. ಕಾಗದದ ಮೇಲೆ ಅಚ್ಚಾದ ಶೇಡ್ ಕಾರ್ಡ್ ನೋಡಿ ಬಣ್ಣ ಗೊತ್ತುಮಾಡುವುದು ಅಂಗಡಿಯ ದೀಪದಡಿ ಸೀರೆ ಆರಿಸಿದಂತೆ; ಅದೇ ಡಬ್ಬಿಯ ಸ್ಟೇನ್ ರಬ್ಬರ್ ಮರದ ಮೇಲೆ ಒಂದು ಬಣ್ಣ, ಹಲಸಿನ ಮೇಲೆ ಇನ್ನೊಂದು. ತಮ್ಮದೇ ಸಾಮಾನಿನಿಂದ ಉಳಿದ ಹಲಗೆ ತುಂಡಿನ ಮೇಲೆ ಉಜ್ಜುವುದರಿಂದ ಹಿಡಿದು ಕೊನೆಯ ಪಾಲಿಶ್‌ವರೆಗೆ ಎಲ್ಲವನ್ನೂ ಮಾಡಿಸಿ, ಆ ತುಂಡಿಗೆ ಒಪ್ಪಿಗೆ ಕೊಟ್ಟು, ಕೆಲಸ ಮುಗಿಯುವವರೆಗೆ ಅದನ್ನು ತಮ್ಮ ಬಳಿ ಇಟ್ಟುಕೊಂಡರೆ ಜಗಳಕ್ಕೆ ಆಸ್ಪದವೇ ಇರುವುದಿಲ್ಲ.

ಕೊನೆಯದಾಗಿ, ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರಲ್ಲಿ ಒಂದು ಒತ್ತಾಯ. ಸ್ಟೇನ್, ಸೀಲರ್, ಥಿನ್ನರ್ ಡಬ್ಬಿಗಳಲ್ಲಿ ನಾನು ದಿನವೂ ಕೈಯಾಡಿಸುವ ಬಹುಪಾಲು ಡಬ್ಬಿಗಳ ಮೇಲೆ ಬಳಸುವ ವಿಧಾನ ಇಂಗ್ಲಿಷಿನಲ್ಲಿ, ಕೆಲವದರಲ್ಲಿ ಹಿಂದಿಯಲ್ಲಿಯೂ, ಇರುತ್ತದೆ, ಕನ್ನಡವನ್ನು ಹುಡುಕಬೇಕು. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕೆನ್ನುವ ಕೇಂದ್ರದ 2011ರ ನಿಯಮಗಳು ಜೊತೆಯಲ್ಲಿ ಬೇರೆ ಭಾಷೆಯನ್ನು ಬಳಸುವುದಕ್ಕೆ ಅಡ್ಡಿಯೊಡ್ಡುವುದಿಲ್ಲ. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂಬ ಆಶಯ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ರಲ್ಲಿಯೇ ಇದೆ. ಅದನ್ನು ಬಿಸ್ಕತ್ತಿನ ಪೊಟ್ಟಣಕ್ಕೆ ಕೇಳುವಷ್ಟೇ ಗಟ್ಟಿಯಾಗಿ, ಅದಕ್ಕಿಂತ ಹೆಚ್ಚಾಗಿ ಎಂದರೂ ತಪ್ಪಿಲ್ಲ, ಬೆಂಕಿಗೂ ಉಸಿರಿಗೂ ಅಪಾಯ ತರುವ ಈ ಡಬ್ಬಿಗಳಿಗೆ ಕೇಳಬೇಕಾಗಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ನಮ್ಮ ಕಾಡಿನ ಮರಗಳನ್ನು ಬಲ್ಲ ಸಂಸ್ಥೆ, ಮರಗೆಲಸದ ತರಬೇತಿಯನ್ನೂ ನಡೆಸುತ್ತದೆ; ತೇಗ, ಹಲಸು, ಹೊನ್ನೆ, ಸಿಲ್ವರ್ ಓಕ್, ಅಕೇಶಿಯಾ ಇವುಗಳಲ್ಲಿ ಯಾವುದು ಯಾವ ಸ್ಟೇ‌ನನ್ನು ಹೇಗೆ ಹೀರುತ್ತದೆ ಎಂಬುದನ್ನು ಸಣ್ಣದೊಂದು ಕನ್ನಡ ಕೈಪಿಡಿಯಾಗಿ ಅಲ್ಲಿಂದ ಹೊರತಂದರೆ, ಐಟಿಐಗಳಲ್ಲಿ ಕಲಿಯುವ ಹುಡುಗರಿಗೂ ನಮ್ಮಂಥ ಕೆಲಸಗಾರರಿಗೂ ಅನುಕೂಲವಾಗುತ್ತದೆ. ಡಬ್ಬಿ ತಯಾರಿಸುವವರಿಂದ ನಾನು ಕೇಳುವುದು ಇನ್ನೂ ಕಡಿಮೆ: ಇದರ ದ್ರವ ಯಾವುದು, ಸೀಲರ್ ಹಾಕುವ ಮೊದಲು ಎಷ್ಟು ಹೊತ್ತು ಒಣಗಬೇಕು, ಹಚ್ಚಿದ್ದು ತಪ್ಪಾದರೆ ಯಾವುದರಿಂದ ಒರೆಸಬೇಕು ಎಂಬ ಮೂರು ಸಾಲುಗಳನ್ನು ಕನ್ನಡದಲ್ಲಿ, ಕನ್ನಡಕ ಹಾಕದೆಯೂ ಓದಬಹುದಾದ ಅಕ್ಷರದಲ್ಲಿ ಅಚ್ಚು ಹಾಕಲಿ.

ಇತಿ ತಮ್ಮ ವಿಶ್ವಾಸಿ,
ಮರದ ಪಾಲಿಶ್ ಕೆಲಸಗಾರ, ಸಾಗರ, ಶಿವಮೊಗ್ಗ ಜಿಲ್ಲೆ